ಮಾಳಿಗೆ ವ್ಯಾಪಾರದ ತಿಬ್ರಾ

ಬೆಳಗಿನ ಬಾಂಗ್ ಕೇಳಿಸುವುದರೊಳಗೆ ತಿಬ್ರಾ ಮುಗಿಸುತ್ತಿದ್ದ ಕೆಲಸಗಳು ಇವು. ಕೆಳಗಿನ ಕತ್ತಲು ಕೋಣೆಯಲ್ಲಿ ಆಡಿನ ಹಾಲು ಕರೆಯುವುದು. ಅಲ್ಲಿನ ತೊಟ್ಟಿಯಿಂದ ನೀರಿನ ಗಡಿಗೆ ಹೊತ್ತು ನಲವತ್ತೆರಡು ಮೆಟ್ಟಿಲು ಹತ್ತಿ ಮಾಳಿಗೆಯ ಮೇಲಿನ ಅಡುಗೆಮನೆಯಲ್ಲಿ ಇಳಿಸುವುದು. ಕೆಳಗಿಳಿದು ಎರಡನೆಯ ಗಡಿಗೆ, ಮತ್ತೆ ಇಳಿದು ಮೂರನೆಯದು. ಒಲೆಯ ಬೂದಿ ಬಳಿದು ಖರ್ಜೂರದ ಒಣಗರಿ ಹೊತ್ತಿಸುವುದು. ನಮಾಜಿಗೆ ಮುನ್ನ ಕೈಕಾಲು ತೊಳೆಯಲು ಅತ್ತೆ ಮನ್ನಾನಾಗೆ ಬಿಸಿನೀರು, ಗಂಡ ಹಮ್ಮೂದಾನಿಗೆ ಉಗುರುಬೆಚ್ಚಗಿನ ನೀರು. ಅದಲುಬದಲಾದರೆ ಇಬ್ಬರಿಗೂ ಸಿಟ್ಟು. ಜವೆಗೋಧಿ ಹಿಟ್ಟು ನಾದಿ ರೊಟ್ಟಿ ಬಡಿಯುವುದು. ರಾತ್ರಿ ಗಾಳಿ ತಂದು ಸುರಿದ ಮರಳನ್ನು ಗುಡಿಸಿ ಮೂಲೆಗೆ ಒಟ್ಟುವುದು. ಹಿಂದಿನ ದಿನ ತಾನೇ ರೇಷ್ಮೆ ಕಸೂತಿ ಹಾಕಿದ ಚಪ್ಪಲಿಯ ತೊಗಲುಗಳನ್ನು ಜೋಡಿ ಕಟ್ಟಿ, ಗಂಡನ ಅಂಗಡಿಗೆಂದು ಬಾಗಿಲ ಬಳಿ ಇಡುವುದು.

ಇಷ್ಟಾದ ಮೇಲೆ ಹಮ್ಮೂದಾ ಎದ್ದು ಮೈಮುರಿದು, "ಅಬ್ಬಾ, ಇವತ್ತು ತುಂಬಾ ಕೆಲಸ ಇದೆ" ಎನ್ನುತ್ತಿದ್ದ.

ಅವನು ಬೀದಿಗೆ ಇಳಿದ ಮೇಲೆಯೇ ತಿಬ್ರಾಳ ಸ್ವಂತ ಕೆಲಸ ಶುರುವಾಗುತ್ತಿದ್ದುದು. ಮರಳುಗಾಡಿನ ನಡುವಿನ ನಮ್ಮ ಘದಾಮೆಸ್ ಊರಿನಲ್ಲಿ ಕೆಳಗಿನ ಓಣಿಗಳು ಗಂಡಸರವು, ಮಾಳಿಗೆಗಳು ನಮ್ಮವು. ಒಂದು ಮನೆಯ ಮಾಳಿಗೆ ಇನ್ನೊಂದಕ್ಕೆ ಕೂಡಿಕೊಂಡಿದ್ದರಿಂದ ನೆಲಕ್ಕೆ ಕಾಲಿಡದೆ ಊರಿನ ಈ ತುದಿಯಿಂದ ಆ ತುದಿಗೆ ಹೋಗಬಹುದಿತ್ತು. ಹಗಲು ಹೊತ್ತು ಯಾವ ಗಂಡಸೂ ಮೇಲೆ ಬರುತ್ತಿರಲಿಲ್ಲ. ತಿಬ್ರಾ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಹೊರಟಳೆಂದರೆ ರೇಷ್ಮೆ ದಾರ, ಮದರಂಗಿ ಪುಡಿ, ಕಾಡಿಗೆ, ಧೂಪ, ಜೊತೆಗೆ ಯಾರ ಮನೆಯಲ್ಲಿ ಯಾರು ಬಸುರಿ ಎಂಬ ಸುದ್ದಿ, ಎಲ್ಲವೂ ಊರೆಲ್ಲ ತಿರುಗುತ್ತಿತ್ತು. ಒಬ್ಬಳು ದಾರ ಆರಿಸುವಾಗ ಇನ್ನೊಬ್ಬಳು ಅವಳ ಒಲೆಯ ಮೇಲಿನ ಗಡಿಗೆಯಲ್ಲಿ ಸೌಟು ಆಡಿಸುತ್ತಿದ್ದಳು, ಮತ್ತೊಬ್ಬಳು ಅವಳ ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ತಿಬ್ರಾಳಿಗೆ ಆಗ ನಲವತ್ತಾರು ವರ್ಷ. ಅವಳ ನಗು ಐದು ಮಾಳಿಗೆ ಆಚೆಗೂ ಕೇಳಿಸುತ್ತಿತ್ತು.

ಆಮೇಲೆ ಸರ್ಕಾರದವರು ಹಳೆಯ ಊರಿನ ಪಕ್ಕದಲ್ಲೇ ಹೊಸ ಊರು ಕಟ್ಟಿಸಿದರು. ಕರೆಂಟು, ಅಗಲವಾದ ಬೀದಿ, ಮನೆಮನೆಗೂ ನಲ್ಲಿ. ಬೀಗದ ಕೈಗಳನ್ನು ಗಂಡಸರ ಕೈಗೆ ಕೊಟ್ಟರು.

ಹೊಸ ಮನೆಗೆ ಹೋದ ದಿನ ತಿಬ್ರಾ ಮೊದಲು ಮಾಡಿದ ಕೆಲಸ ನಲ್ಲಿ ತಿರುಗಿಸಿದ್ದು. ನೀರು ಬಂತು. ನಿಲ್ಲಿಸಿದಳು. ಮತ್ತೆ ತಿರುಗಿಸಿದಳು. ಆಮೇಲೆ ಅದರ ಕೆಳಗೆ ತಲೆಯೊಡ್ಡಿ ಬಟ್ಟೆ ಸಮೇತ ಕೂತುಬಿಟ್ಟಳು.

"ನೀರು ಪೋಲಾಗತ್ತೆ ಕಣೇ!" ಎಂದು ಮನ್ನಾನಾ ಕೂಗಿದಳು.

"ಆಗ್ಲಿ ಬಿಡಿ ಅತ್ತೆ. ಇಪ್ಪತ್ತೆಂಟು ವರ್ಷ ಹೊತ್ತಿದೀನಿ, ಒಂದಿನ ಪೋಲು ಮಾಡ್ತೀನಿ!"

ಮನ್ನಾನಾ ಹೊತ್ತಿದ್ದು ಐವತ್ತು ವರ್ಷ. ಕೋಲು ಗೋಡೆಗೆ ಒರಗಿಸಿ ತಾನೂ ಬಂದು ಕಾಲು ಚಾಚಿದಳು.

ಮರುದಿನ ತಿಬ್ರಾ ಬುಟ್ಟಿ ತುಂಬಿಕೊಂಡು ಮಾಳಿಗೆ ಹತ್ತಿದಳು. ಸುತ್ತಲೂ ಎದೆಮಟ್ಟದ ಗೋಡೆ. ಗೋಡೆಯಾಚೆ ಓಣಿ, ಓಣಿಯಾಚೆ ಇನ್ನೊಂದು ಮನೆ. ಎಗರಿ ದಾಟುವ ಮಾತೇ ಇಲ್ಲ. "ಯಾರಿದ್ದೀರ್ರೇ?" ಎಂದು ಕೂಗಿದರೆ ಗಾಳಿಗೆ ಮಾತು ಹಾರಿಹೋಯಿತು. ಬುಟ್ಟಿ ಇಳಿಸಿದಳು.

ಒಂದು ತಿಂಗಳು ಹೀಗೇ ಕಳೆಯಿತು. ನೀರು ಹೊರುವುದು ತಪ್ಪಿತು, ನಿಜ. ಆದರೆ ಹಿಟ್ಟು ಬೀಸುವಾಗ ಒಬ್ಬಳೇ, ಸೊಪ್ಪು ಹೆಚ್ಚುವಾಗ ಒಬ್ಬಳೇ, ಕಸೂತಿ ಹಾಕುವಾಗಲೂ ಒಬ್ಬಳೇ. ಮದರಂಗಿ ಪುಡಿ ಹಸಿರು ಹೋಗಿ ಕಂದಾಗತೊಡಗಿತು. ಹೀಗೇ ಬಿಟ್ಟರೆ ತನ್ನ ವ್ಯಾಪಾರ ಮುಗಿದ ಹಾಗೆಯೇ ಎಂದು ಅವಳಿಗೆ ಗೊತ್ತಾಯಿತು. ಒಂದು ಬೆಳಿಗ್ಗೆ ಒಂದೇ ಕಣ್ಣು ಕಾಣುವ ಹಾಗೆ ಬಿಳಿ ಹೊದಿಕೆ ಸುತ್ತಿಕೊಂಡು, ಬುಟ್ಟಿಯೆತ್ತಿ, ಪಕ್ಕದ ಓಣಿಗೆ ಬಂದಿದ್ದ ಹಳೆಯ ಗಿರಾಕಿ ಖದ್ದೂಜಾಳ ಮನೆಗಾದರೂ ಹೋಗಿಬರೋಣ ಎಂದು ಬೀದಿ ಬಾಗಿಲಿನಿಂದ ಹೊರಬಿದ್ದಳು.

ಹೊರಬಿದ್ದವಳು ನೂರು ಹೆಜ್ಜೆಯಲ್ಲಿ ದಾರಿ ತಪ್ಪಿದಳು. ಊರನ್ನು ಮೇಲಿನಿಂದಷ್ಟೇ ನೋಡಿ ಗೊತ್ತಿದ್ದ ಹೆಂಗಸು. ಕೆಳಗಿನಿಂದ ನೋಡಿದರೆ ಎಲ್ಲ ಗೋಡೆಯೂ ಬಿಳಿ, ಎಲ್ಲ ಬಾಗಿಲೂ ಹಸಿರು. ಎರಡು ಸುತ್ತು ಹಾಕಿ, ಸೋತು, ತನ್ನದೇ ಮನೆಯೆಂದುಕೊಂಡು ಒಂದು ಬಾಗಿಲು ತಳ್ಳಿ ಒಳಗೆ ಹೋದಳು. ನಡುಮನೆಯಲ್ಲಿ ಕಂಬಳಿಯಡಿಯಿಂದ ಗಂಡಸಿನ ಎರಡು ಪಾದ ಚಾಚಿದ್ದವು.

"ಸೂರ್ಯ ನೆತ್ತಿಗೆ ಬಂದ, ಇನ್ನೂ ಬಿದ್ಕೊಂಡಿದೀರಾ? ಅಂಗಡಿ ಯಾರು ತೆಗೀತಾರೆ, ನಿಮ್ಮಪ್ಪ ಗೋರಿಯಿಂದ ಎದ್ದು ಬರ್ತಾನಾ?"

ಕಂಬಳಿ ಸರಿಯಿತು. ಬಿಳಿ ಗಡ್ಡದ ಹಾಜಿ ಮಿಲಾದ್ ಕಣ್ಣು ಪಿಳಿಪಿಳಿ ಮಾಡಿದ. "ತಾಯೀ, ನಾನು ಅಂಗಡಿ ಮುಚ್ಚಿ ಹನ್ನೊಂದು ವರ್ಷ ಆಯ್ತು" ಎಂದು ಮತ್ತೆ ಮುಖದ ಮೇಲೆ ಕಂಬಳಿ ಎಳೆದುಕೊಂಡ.

ಅಡುಗೆಮನೆಯಿಂದ ಅವನ ಹೆಂಡತಿ ನುವ್ವಾರಾ ಓಡಿಬಂದಳು. ಹಳೆಯ ಊರಿನಲ್ಲಿ ತಿಬ್ರಾಳಿಂದ ಏಳು ಮಾಳಿಗೆ ಆಚೆ ಇದ್ದವಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಬಾಗಿಲ ಚೌಕಟ್ಟು ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ನೀಲಿ ದಾರ ಇದ್ಯೇನೇ?" ಉಸಿರು ತಿರುಗಿದ ಕೂಡಲೇ ನುವ್ವಾರಾ ಕೇಳಿದ್ದು ಇದನ್ನೇ. "ಮಗಳ ಮದುವೆ ಚಪ್ಪಲಿ ಅರ್ಧಕ್ಕೆ ನಿಂತಿದೆ. ಇವರಿಗೆ ಹೇಳಿಕಳಿಸಿದ್ರೆ ಕಪ್ಪು ತಂದ್ರು!"

"ಅದು ಕಡುನೀಲಿ" ಎಂದಿತು ಕಂಬಳಿ.

ನೀಲಿ ದಾರ ಕೊಟ್ಟಾಯಿತು, ನೊರೆ ಎಬ್ಬಿಸಿದ ಚಹಾ ಕುಡಿದಾಯಿತು. ಮನೆಗೆ ದಾರಿ ಯಾವುದು? ಇಬ್ಬರೂ ಮಾಳಿಗೆ ಹತ್ತಿದರು. ಮೇಲೆ ಹತ್ತಿದ ಕ್ಷಣದಲ್ಲೇ ತಿಬ್ರಾಳಿಗೆ ಊರು ಸರಿಯಾಯಿತು. ಮೂರು ಓಣಿಯಾಚೆ ತನ್ನ ಮಾಳಿಗೆ, ಅಲ್ಲಿ ಒಣಗುತ್ತಿರುವ ಗಂಡನ ಜುಬ್ಬಾ.

"ನೀನು ಕೆಳಗೆ ನಡಿ, ನಾನು ಮೇಲಿಂದ ಹೇಳ್ತೀನಿ" ಎಂದಳು ನುವ್ವಾರಾ.

ಹಾಗೆಯೇ ಆಯಿತು. ನುವ್ವಾರಾ ತನ್ನ ಓಣಿ ಮುಗಿಯುವವರೆಗೆ ಕೂಗಿದಳು. ಆ ಕೂಗು ಕೇಳಿ ಮುಂದಿನ ಮಾಳಿಗೆಯವಳು ಮೇಲೆ ಬಂದಳು, ಅವಳ ಕೂಗಿಗೆ ಅದರಾಚೆಯವಳು.

"ಎಡಕ್ಕೆ ತಿರುಗೇ ತಿಬ್ರಾ! ಎಡಕ್ಕೆ! ರೊಟ್ಟಿ ತಿನ್ನದ ಕೈ!"

"ಅಲ್ಲೇ ನಿಂತ್ಕೊಳೇ, ಕಾಡಿಗೆ ಇದ್ಯಾ? ಬಂದೆ, ಬಂದೆ!"

"ಮದರಂಗಿ ನನಗೆ! ಇವಳಿಗೆ ಕೊಡ್ಬೇಡ, ಇವಳ ಕೂದಲು ಕೆಂಪಾಗಿ ಏನಾಗ್ಬೇಕು!"

"ಹಸಿರು ಬಾಗಿಲು ತಿಬ್ರಾ, ಹಸಿರು ಬಾಗಿಲು!"

"ಎಲ್ಲಾ ಹಸಿರೇ ಅಲ್ವೇನೇ, ನಿನ್ನ ತಲೆ!"

ಓಣಿಯಲ್ಲಿದ್ದ ಗಂಡಸರು ಗೋಡೆಗೆ ಒತ್ತಿ ನಿಂತರು. ತಲೆಯೆತ್ತಿ ನೋಡಿದರು, ನೋಡಬಾರದೆಂದು ನೆನಪಾಗಿ ತಮ್ಮ ಕಾಲ ಬೆರಳು ನೋಡಿಕೊಂಡರು. ಮೂರು ಓಣಿ ದಾಟಲು ತಿಬ್ರಾಳಿಗೆ ಮಧ್ಯಾಹ್ನವಾಯಿತು. ಮನೆ ಮುಟ್ಟಿದಾಗ ಬುಟ್ಟಿಯಲ್ಲಿ ಧೂಪದ ಪೊಟ್ಟಣ ಎರಡು ಮಾತ್ರ ಉಳಿದಿದ್ದವು.

ಸಂಜೆ ಹಮ್ಮೂದಾ ಮುಖ ಊದಿಸಿಕೊಂಡು ಬಂದ. "ಬೀದಿ ತುಂಬಾ ನಿನ್ನ ಹೆಸರು! ಚಹಾ ಮಾರೋನೂ ಕೇಳಿದ, ತಿಬ್ರಾ ಅಂದ್ರೆ ನಿಮ್ಮನೆಯವರಾ ಅಂತ."

"ನನ್ನ ಹೆಸರೇ ತಾನೇ ಕೂಗಿದ್ದು? ನಿಮ್ಮನ್ನ ಕಂಡು ಬೇರೆಯವಳ ಹೆಸರು ಕೂಗಿದ್ರೆ ಆಗ ಚಿಂತೆ ಮಾಡಿ."

ಅವನಿಗೆ ನಗು ಬಂದರೂ ತಡೆದುಕೊಂಡ. ಕೆಟ್ಟವನಲ್ಲ. ರೊಟ್ಟಿ ಮುರಿಯುತ್ತಾ ಮೆಲ್ಲಗೆ ಹೇಳಿದ: "ನೋಡು, ಇಷ್ಟು ವರ್ಷ ದುಡಿದಿದ್ದು ಸಾಕು. ಬುಟ್ಟಿ ಅಂಗಡಿಗೆ ಕೊಡು. ಹೆಂಗಸರು ಗಂಡಂದಿರ ಕೈಲಿ ಹೇಳಿಕಳಿಸಲಿ, ನಾನು ಮಾರ್ತೀನಿ. ನೀನು ಆರಾಮಾಗಿ ಮನೇಲಿರು."

"ಆರಾಮಾಗಿ" ಎಂದಳು ತಿಬ್ರಾ, ಅವನ ಮುಂದಿನ ತಟ್ಟೆ ಎತ್ತುತ್ತಾ. "ಕೆಂಪು ದಾರದಲ್ಲಿ ಎಷ್ಟು ಬಗೆ ಇದೆ ಹೇಳಿ ನೋಡೋಣ."

"ಕೆಂಪು ಅಂದ್ರೆ ಕೆಂಪು."

"ಅದಕ್ಕೇ ಹೇಳಿದ್ದು."

ಮನ್ನಾನಾ ಇಬ್ಬರ ನಡುವೆ ಕೋಲು ಕುಟ್ಟಿದಳು. "ಗಂಡಸರು ಮಸೀದೀಲಿರೋ ಹೊತ್ತಲ್ಲಿ ಹೋಗಿ ಬರಲಿ ಬಿಡೋ. ನಮ್ಮ ಕಾಲದಲ್ಲಿ ಬುಗ್ಗೆಗೆ ನೀರಿಗೆ ಹಾಗೇ ಹೋಗ್ತಿದ್ವಿ. ಓಣಿ ಖಾಲಿ ಇರುತ್ತೆ, ಓಡಿ ಹೋಗಿ ಓಡಿ ಬರೋದು."

ಹಮ್ಮೂದಾ ಕೈ ತೊಳೆದು ಎದ್ದ. "ನಾಳೆ ಮಧ್ಯಾಹ್ನದ ನಮಾಜು ಮುಗಿಸಿ ಬರ್ತೀನಿ. ಬುಟ್ಟಿ ಬಾಗಿಲ ಹತ್ತಿರ ಇಟ್ಟಿರು, ತಗೊಂಡು ಹೋಗ್ತೀನಿ" ಎಂದ.

ಮರುದಿನ ತಿಬ್ರಾ ಬುಟ್ಟಿ ತುಂಬಿದಳು. ಪೆಟ್ಟಿಗೆಯಿಂದ ಹೊಸ ಮದರಂಗಿ ತೆಗೆದು ಜರಡಿ ಹಿಡಿದಳು, ಕೆಂಪು ದಾರವನ್ನು ಒಂಬತ್ತು ಬಗೆಯಾಗಿ ವಿಂಗಡಿಸಿ ಸುತ್ತಿದಳು. ಬುಟ್ಟಿಯನ್ನು ಬಾಗಿಲ ಹತ್ತಿರವೇ ಇಟ್ಟಳು. ಮನ್ನಾನಾ ಊಟ ಮಾಡಿ ಮಲಗಿದ್ದಳು.

ಬಾಂಗ್ ಆಯಿತು. ಗಂಡಸರ ಚಪ್ಪಲಿ ಸದ್ದು ಮಸೀದಿಯ ಕಡೆಗೆ ಸರಿದುಹೋಗಿ ಬೀದಿ ಬರಿದಾಯಿತು. ಬಾಗಿಲ ಸಂದಿಯಿಂದ ನೋಡಿದಳು. ಬಿಸಿಲು, ಒಂದು ಬೆಕ್ಕು, ಅಷ್ಟೇ. ಈಗ ಓಡಿದರೆ ನುವ್ವಾರಾಳ ಮನೆಯವರೆಗೆ ಹೋಗಿ ಬರಬಹುದು. ಯಾರೂ ಏನೂ ಅನ್ನುವುದಿಲ್ಲ. ನಾಳೆಯೂ ಹೀಗೇ ಓಡಬಹುದು.

ಅವಳು ಹಿಂದಿರುಗಿ ಬಂದು ಚಹಾಕ್ಕೆ ನೀರಿಟ್ಟಳು. ಎತ್ತರದಿಂದ ಲೋಟಕ್ಕೆ, ಲೋಟದಿಂದ ಕೆಟಲಿಗೆ ಸುರಿದು ಸುರಿದು ನೊರೆ ಎಬ್ಬಿಸಿದಳು. ತನಗೊಬ್ಬಳಿಗೇ ಮಾಡಿಕೊಂಡ ಚಹಾ. ಗೋಡೆಗೊರಗಿ ಕಾಲು ಚಾಚಿ, ಆತುರವಿಲ್ಲದೆ ಕೊನೆಯ ಗುಟುಕಿನವರೆಗೂ ಕುಡಿದಳು.

ನಮಾಜು ಮುಗಿಯಿತು. ದೂರದಿಂದ ಕೆಮ್ಮು, ಮಾತು, ನೂರಾರು ಚಪ್ಪಲಿಗಳ ಸದ್ದು ಬೀದಿಗೆ ತಿರುಗಿತು. ತಿಬ್ರಾ ಲೋಟ ತೊಳೆದಿಟ್ಟಳು. ಹೊದಿಕೆ ಸುತ್ತಿಕೊಂಡಳು, ದಾರಿ ಸರಿಯಾಗಿ ಕಾಣಬೇಕಲ್ಲ, ಈ ಸಲ ಎರಡು ಕಣ್ಣನ್ನೂ ಹೊರಗೆ ಬಿಟ್ಟಳು. ಬಾಗಿಲ ಬಳಿಯ ಬುಟ್ಟಿಯನ್ನು ತಲೆಗೆ ಏರಿಸಿ, ಬಾಗಿಲು ಪೂರ್ತಿ ತೆರೆದು, ಬೀದಿ ತುಂಬ ಬರುತ್ತಿದ್ದ ಗಂಡಸರ ನಡುವೆ ಎಡಕ್ಕೆ ತಿರುಗಿ ನಡೆದಳು.