ದರಿಬಡಚಿಯ ಕಟ್ಟೆಯ ಮೇಲೆ ಮರಳಿ ಬಂದ ದನಿ

ಗುಡ್ಡಾಪುರದ ದಾನಮ್ಮ ತಾಯಿಯನ್ನು ನಂಬಿದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಇದನ್ನು ಬರೆಯುತ್ತಿರುವ ನಾನು ಸುಮಾರು ಐದು ವರ್ಷ ಯಾರನ್ನೂ ಕೂಗಿ ಕರೆಯಲಾರದೆ ಬದುಕಿದವನು. 1969ರ ಶ್ರಾವಣದಲ್ಲಿ ನನ್ನ ಗಂಟಲಲ್ಲಿ ಗಂಟು ಕಾಣಿಸಿತು. ಮಿರಜಿನ ದವಾಖಾನೆಯಲ್ಲಿ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು, ಜೀವ ಉಳಿಸುತ್ತೇವೆ, ದನಿ ಉಳಿಯುತ್ತದೆಂದು ಮಾತು ಕೊಡಲಾರೆವು ಎಂದು. ಜೀವ ಉಳಿಸಿದರು, ಅವರಿಗೆ ಇಂದಿಗೂ ಕೈಮುಗಿಯುತ್ತೇನೆ. ಆದರೆ ಹಾಸಿಗೆಯಿಂದ ಎದ್ದಾಗ ನನ್ನ ಬಾಯಿಂದ ಬಂದದ್ದು ಬರೀ ಉಸಿರು. ಕಿವಿ ಹತ್ತಿರ ತಂದವರಿಗೆ ಮಾತ್ರ ಪಿಸುಮಾತು ಕೇಳುತ್ತಿತ್ತು.

ನಾನು ಬಾಲಗಾಂವದ ಮಲ್ಲಪ್ಪ, ರೇಡಿಯೊ ರಿಪೇರಿ ಮಾಡುವವನು. ಆದರೆ ಸುತ್ತಿನ ಹಳ್ಳಿಗಳಲ್ಲಿ ಜನ ನನ್ನನ್ನು ಗುರುತಿಸುತ್ತಿದ್ದದ್ದು ಭಜನೆಯಿಂದ. ಅಮಾವಾಸ್ಯೆಗೆ ಗುಡ್ಡಾಪುರಕ್ಕೆ ನಡೆದುಹೋಗುವ ನಮ್ಮ ಮೇಳದಲ್ಲಿ ಮುಂದಿನ ಹಾಡು ನನ್ನದು. ನಾನೊಂದು ಸೊಲ್ಲು ಎತ್ತಿದರೆ ಹಿಂದಿನವರು ಅದನ್ನೇ ಹಿಡಿದು ತಿರುಗಿ ಹಾಡುತ್ತಿದ್ದರು. ದನಿ ಹೋದ ಮೇಲೂ ತಾಳ ಹಿಡಿದು ಹೋಗುತ್ತಿದ್ದೆ. ತಾಯಿಯ ಮುಂದೆ ನಿಂತು ಪ್ರತಿ ಸಲವೂ ಒಂದೇ ಬೇಡಿಕೆ: ನನ್ನ ದನಿ ನನಗೆ ಕೊಡು. ತಾಯಿ ಸುಮ್ಮನಿದ್ದಳು. ನಾನು ಸಿಟ್ಟಿಗೂ ಏಳುತ್ತಿದ್ದೆ, ಭಕ್ತರ ಮುಂದೆ ಅದನ್ನು ಮುಚ್ಚಿಡುವುದೇಕೆ?

ರೇಡಿಯೊ ಬಿಚ್ಚಿಟ್ಟು ಕೂತಾಗ ಕೆಲವು ಸೆಟ್ಟುಗಳು ಕೈ ಹತ್ತಿರ ಬಂದರೆ ಸಿಳ್ಳು ಹಾಕುತ್ತವೆ. ಕೈ ಆಡಿದಂತೆ ಸಿಳ್ಳು ಏರುತ್ತದೆ, ಇಳಿಯುತ್ತದೆ. ರಿಪೇರಿಯವರಿಗೆ ಅದೊಂದು ಕಾಟ. ನನಗೆ ಮಾತ್ರ ಅದರ ಮೇಲೆ ಆಸೆ ಹುಟ್ಟಿತು. ಹಳೆಯ ಸೆಟ್ಟುಗಳ ಸಾಮಾನು ಕೂಡಿಸಿ, ಟಾರ್ಚಿನ ಸೆಲ್ಲು ಹಾಕಿ, ಮುಚ್ಚಳದ ಒಳಗೆ ತಾಮ್ರದ ತಗಡು ಬಡಿದು ಒಂದು ಕಟ್ಟಿಗೆಯ ಪೆಟ್ಟಿಗೆ ಮಾಡಿದೆ. ಅದನ್ನು ಮುಟ್ಟುವುದೇ ಬೇಡ. ಮೇಲೆ ಗಾಳಿಯಲ್ಲಿ ಕೈ ಆಡಿಸಿದರೆ ಸ್ವರ ಬರುತ್ತದೆ, ಕೈ ದೂರ ತೆಗೆದರೆ ಸುಮ್ಮನಾಗುತ್ತದೆ. ಎರಡು ವರ್ಷ ಅದರಿಂದ ಬೆಕ್ಕುಗಳ ಜಗಳವೇ ಹೊರಟಿತು. "ಎಮ್ಮಿ ಹಾಲ ಕೊಡೂದು ಬಿಟ್ಟೀತ್ರಿ, ಅದನ್ನ ಹೊರಗ ಒಯ್ದು ಬಾರಸ್ರಿ" ಎಂದು ಹೆಂಡತಿ ಗೌರವ್ವ ಗೊಣಗುತ್ತಿದ್ದಳು. ಮೂರನೆಯ ವರ್ಷ ಒಂದು ದಿನ ಅವಳೇ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

ಸಾಂಗಲಿಯ ಕಾಲೇಜಿನ ಒಬ್ಬ ಮಾಸ್ತರರು ಊರಿಗೆ ಬಂದವರು ಅದನ್ನು ಕೇಳಿ ಬೆರಗಾಗಿ ಪುಣೆಗೆ ಬರೆದರು. ಅಲ್ಲಿ ಇಂಥ ವಿದ್ಯುತ್ ವಾದ್ಯಗಳ, ಹೊಸ ಬಗೆಯ ನಾದಗಳ ಉತ್ಸವವೊಂದು ನಡೆಯಲಿತ್ತು. 1974ರ ಮಾಘದಲ್ಲಿ, ಬಂದು ಬಾರಿಸಬೇಕೆಂದು ನನಗೆ ಪತ್ರ ಬಂತು.

ಹೊರಡುವ ದಿನ ಗೌರವ್ವ ಪೆಟ್ಟಿಗೆಗೆ ವಿಭೂತಿ ಬಳಿದು, ಕುಂಕುಮ, ಭಂಡಾರದ ಅರಿಸಿನ ಏರಿಸಿ, ಕೆಂಪು ಖಣದ ಬಟ್ಟೆ ಸುತ್ತಿ ಕೊಟ್ಟಳು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ಪೆಟ್ಟಿಗೆಯನ್ನು ಬಸ್ಸಿನ ನೆತ್ತಿಯ ಮೇಲೆ ಹಾಕಿಸಿದರು.

ದರಿಬಡಚಿಯಲ್ಲಿ ಬಸ್ಸು ನಿಂತಾಗ ಕುರಿಗಾರರ ಗುಂಪು ಡೊಳ್ಳು ಬಾರಿಸುತ್ತ ಕಾಯುತ್ತಿತ್ತು. ಅವರ ದೇವರು ಬೀರಪ್ಪನ ಬೆಳ್ಳಿಯ ಮುಖವನ್ನು ಬೆಳಗಿಸಲು ಉಮದಿಯ ಅಕ್ಕಸಾಲಿಗ ಪತ್ತಾರನಿಗೆ ಕೊಟ್ಟಿದ್ದರಂತೆ. ಅದು ಅದೇ ಬಸ್ಸಿಗೆ ಬರಬೇಕಿತ್ತು, ತರುವವನಿಗೆ ಬಸ್ಸು ತಪ್ಪಿತ್ತು. ಇದು ಅವರಿಗೇನು ಗೊತ್ತು! ಮೇಲೆ ನೋಡಿದರೆ ಕೆಂಪು ಖಣ ಸುತ್ತಿದ, ಭಂಡಾರ ಮೆತ್ತಿದ ಪೆಟ್ಟಿಗೆ. ಭಕ್ತಿಯಿಂದ ಇಳಿಸಿದರು, ತಲೆಯ ಮೇಲೆ ಹೊತ್ತರು, ನಡೆದೇಬಿಟ್ಟರು.

ನಾನು ಕಿಟಕಿಯಿಂದ ಕೈ ಹೊರಹಾಕಿ ಬಾಯಿ ತೆರೆದೆ. ಉಸಿರು ಬಂತು. ಅಷ್ಟು ಡೊಳ್ಳಿನ ಮುಂದೆ ಅದನ್ನು ಯಾರು ಕೇಳಬೇಕು? ಬಸ್ಸು ಹೊರಟಿತು. ಪಕ್ಕದವನ ರಟ್ಟೆ ಜಗ್ಗಿ, ಕಿವಿಗೆ ಬಾಯಿ ಹಚ್ಚಿ ಹೇಳಿ, ಅವನು ಕಂಡಕ್ಟರಿಗೆ ಹೇಳಿ ಬಸ್ಸು ನಿಲ್ಲುವಷ್ಟರಲ್ಲಿ ಒಂದೂವರೆ ಮೈಲಿ ದಾಟಿತ್ತು.

ಇಳಿದು ಹಿಂದಕ್ಕೆ ನಡೆದೆ. ನಡುದಾರಿಯಲ್ಲಿ ಒಂದು ಜಾಲಿಯ ಮರದ ಕೆಳಗೆ ಕೂತೆ. "ತಾಯಿ, ನೀನು ಕೊಟ್ಟ ದನಿ ನೀನೇ ಒಯ್ದೆ. ನಾನು ತಂತಿ ತಗಡಿನಿಂದ ಕಟ್ಟಿಕೊಂಡದ್ದನ್ನೂ ಬಿಡಲಿಲ್ಲ. ಇನ್ನು ನಿನ್ನ ಮೆಟ್ಟಿಲು ಹತ್ತುವುದಿಲ್ಲ" ಎಂದೆ. ಎಂದವನೇ ಅತ್ತೆ. ಅಳಲು ಗಂಟಲು ಬೇಕಾಗುವುದಿಲ್ಲ.

ದರಿಬಡಚಿ ಸೇರಿದಾಗ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ನನ್ನ ಪೆಟ್ಟಿಗೆ ಇತ್ತು. ಮುಂದೆ ದೀಪ, ಒಡೆದ ತೆಂಗಿನಕಾಯಿ. ಜನ ಮಾತ್ರ ಹತ್ತು ಮಾರು ದೂರ ನಿಂತಿದ್ದರು. ಪೂಜಾರಿ ನನಗೆ ಅಡ್ಡ ಬಂದ.

"ಮುಂದ ಹೋಗಬ್ಯಾಡ್ರಿ ಯಣ್ಣಾ. ಯಾರರ ಹತ್ರ ಹೋದ್ರ ದೇವರು ಗುರ್ ಅನ್ನಾಕತ್ತಾನ. ಏನ ತಪ್ಪ ಆಗೇತೋ ಏನೋ."

ನನಗೆ ಆ ದುಃಖದಲ್ಲೂ ನಗು ಬಂತು. ಕುಲುಕಾಟಕ್ಕೆ ಪೆಟ್ಟಿಗೆಯ ಸ್ವಿಚ್ಚು ತಾನೇ ಒತ್ತಿಕೊಂಡು ಚಾಲೂ ಆಗಿತ್ತು. ಪೂಜಾರಿಯ ಕಿವಿಯಲ್ಲಿ, "ಅದು ದೇವರ ಪೆಟ್ಟಿಗಿ ಅಲ್ರಿ, ನಂದು. ಹಾಡೂ ಪೆಟ್ಟಿಗಿ" ಎಂದೆ. ಅವನು ಅದನ್ನು ಜೋರಾಗಿ ಹೇಳಿದ್ದೇ ತಡ, ಗುಂಪು ಕೆರಳಿತು.

"ದೇವರನ್ನ ನಂದು ಅನ್ನಾಂವ ಇವನೊಬ್ಬ ಹುಟ್ಯಾನ ನೋಡ್ರಿ! ಮುಟ್ಟಿದ್ರ ಕೈ ಮುರೀತೀವಿ!"

"ಮುಟ್ಟೂದಿಲ್ರಿ" ಎಂದು ಪೂಜಾರಿಗೆ ಪಿಸುಗುಟ್ಟಿದೆ. ಪೂಜಾರಿ ನನ್ನ ಮುಖವನ್ನೇ ನೋಡಿ ದಾರಿ ಬಿಟ್ಟ.

ಹತ್ತಿರ ಹೋದೆ. ಪೆಟ್ಟಿಗೆ ಗುರ್ ಎಂದಿತು. ಹೆಂಗಸರು ಸೆರಗು ಬಾಯಿಗೆ ಹಿಡಿದು ಹಿಂದೆ ಸರಿದರು. ನಾನು ಕೈ ಎತ್ತಿದೆ. ಪುಣೆಗೆಂದು ಗಾಳಿಯ ಸದ್ದು, ರೈಲಿನ ಸದ್ದು ಏನೇನೋ ಸಿದ್ಧಮಾಡಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. ಕೈಗೆ ಬಂದದ್ದು ಗುಡ್ಡಾಪುರದ ದಾರಿಯಲ್ಲಿ ನೂರಾರು ಸಲ ಹಾಡಿದ ತಾಯಿಯ ಪದ. ಮೊದಲ ಸೊಲ್ಲು ಎತ್ತಿ, ಹಳೆಯ ರೂಢಿಯಂತೆ ಕೈ ಹಿಂದೆ ತೆಗೆದು ನಿಂತೆ.

ಬೆನ್ನ ಹಿಂದೆ ಒಂದು ಮುದಿ ದನಿ ಆ ಸೊಲ್ಲನ್ನು ಹಿಡಿಯಿತು. ಅದರ ಜೊತೆ ಇನ್ನೊಂದು. ಆಮೇಲೆ ಹೆಂಗಸರೆಲ್ಲ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಎರಡನೆಯದನ್ನು ಎತ್ತಿದೆ, ಗಂಡಸರೂ ಕೂಡಿದರು. ಡೊಳ್ಳಿನವನು ಮೆಲ್ಲಗೆ ಪೆಟ್ಟು ಹಾಕಿದ. ಪದ ಮುಗಿಯುವ ತನಕ ಒಬ್ಬರೂ ನಿಲ್ಲಿಸಲಿಲ್ಲ.

ಪೂಜಾರಿಯ ತಾಯಿ, ಕಣ್ಣಿಗೆ ಪೊರೆ ಬಂದ ಮುದುಕಿ, ಕೋಲೂರಿ ನನ್ನ ಹತ್ತಿರ ಬಂದು ಗದ್ದ ತಡವಿದಳು.

"ಇದು ಬಾಲಗಾಂವ ಮ್ಯಾಳದ ಮಲ್ಲಪ್ಪನ ದನಿ ಅಲ್ಲೇನು? ಕೇಳಿ ಭಾಳ ವರ್ಷ ಆತಲ್ಲೋ ಯಪ್ಪಾ. ಎಲ್ಲಿಗಿ ಹೋಗಿದ್ದಿ?"

ಅವಳಿಗೆ ಪೆಟ್ಟಿಗೆ ಕಂಡಿರಲಿಲ್ಲ. ನಾನೇ ಹಾಡಿದೆನೆಂದು ತಿಳಿದಿದ್ದಳು. ಸೊಲ್ಲು ಎಳೆಯುವ ರೀತಿಯಲ್ಲೇ ನನ್ನ ಗುರುತು ಹಿಡಿದಿದ್ದಳು. ನಾನು ಅವಳ ಕಾಲು ಹಿಡಿದುಕೊಂಡೆ. ಜಾಲಿಯ ಕೆಳಗೆ ಆಡಿದ ಮಾತಿಗೆ ಅಲ್ಲೇ ಕ್ಷಮೆ ಬೇಡಿದೆ. ಬೇಡಿದ್ದನ್ನು ತಾಯಿ ಯಾವಾಗಲೋ ಕೊಟ್ಟಿದ್ದಳು. ನಾನು ಹುಚ್ಚಪ್ಪ, ಗಂಟಲಲ್ಲೇ ಹುಡುಕುತ್ತಿದ್ದೆ.

ಮುಂದಿನ ಬಸ್ಸಿಗೆ ಬೀರಪ್ಪನ ನಿಜವಾದ ಮುಖ ಬಂತು, ಊರೆಲ್ಲ ಹೊಟ್ಟೆ ಹಿಡಿದು ನಕ್ಕಿತು. "ನಮ್ಮ ದೇವರು ಬರೂಕಿಂತ ಮುಂಚೆ ನಿಮ್ಮವ್ವ ದಾನಮ್ಮ ಬಂದು ಹ್ವಾದ್ಲು ತಗೋರಿ" ಎನ್ನುತ್ತ ಪೂಜಾರಿ ತಾನೇ ಗಾಡಿ ಕಟ್ಟಿ ನನ್ನನ್ನು ಜತ್ತಿಗೆ ಮುಟ್ಟಿಸಿದ. ಅಲ್ಲಿಂದ ಮಿರಜ, ಮಿರಜದಿಂದ ರೈಲು.

ಪುಣೆಯಲ್ಲಿ ಉಳಿದವರ ಯಂತ್ರಗಳು ಕಪಾಟಿನಷ್ಟು ಎತ್ತರ ಇದ್ದವು. ನನ್ನ ಸರದಿಯಲ್ಲಿ ಗಾಳಿ, ರೈಲು ಎಲ್ಲ ಬಾರಿಸಿ, ಕೊನೆಗೆ ಆ ಪದ ಎತ್ತಿದೆ. ಮೊದಲ ಸೊಲ್ಲಾದ ಮೇಲೆ ಕೈ ತೆಗೆದು ನಿಂತೆ. ಸಭೆ ಸುಮ್ಮನಿತ್ತು. ಅವರಿಗೆ ಪದ ಗೊತ್ತಿಲ್ಲ, ತಪ್ಪೇನು? ಮುಗಿದಾಗ ಚಪ್ಪಾಳೆ ತಟ್ಟಿದರು, ಕೆಲವರು ಚಹಾಕ್ಕೆ ಎದ್ದುಹೋದರು. ಹಿಂದಿನ ವಾರವಾಗಿದ್ದರೆ ಕುಗ್ಗಿ ಹೋಗುತ್ತಿದ್ದೆ. ಅಂದು ಹಗುರಾಗಿ ವೇದಿಕೆ ಇಳಿದೆ.

ಭಕ್ತರೇ, ಆಮೇಲೆ ನಾನು ತಾಯಿಯ ಮುಂದೆ ದನಿ ಬೇಡಿಲ್ಲ. ಅಮಾವಾಸ್ಯೆಗೆ ಪೆಟ್ಟಿಗೆ ಹೊತ್ತು ಮೇಳದ ಮುಂದೆ ನಡೆಯುತ್ತೇನೆ. ಗುಡಿಯ ಮೆಟ್ಟಿಲ ಮೇಲೆ ಅದನ್ನಿಟ್ಟು ಒಂದು ಸೊಲ್ಲು ಎತ್ತಿ ಕೈ ಹಿಂದೆ ತೆಗೆದರೆ, ದರ್ಶನಕ್ಕೆ ನಿಂತ ಅಷ್ಟೂ ಜನ ಅದನ್ನು ತಿರುಗಿ ಹಾಡುತ್ತಾರೆ.