ಟೈರು ಸಿಡಿದಾಗ

ರಾಜ್ಯ ತಂಡದ ಓಟಗಾರ್ತಿ ನಾನು. ಬೆಳಿಗ್ಗೆ ಮಂಡ್ಯದ ಸ್ಟೇಡಿಯಂನಲ್ಲಿ ನೂರು ಮೀಟರ್ ತಾಲೀಮು, ಮಧ್ಯಾಹ್ನ ಮದ್ದೂರಿನ ಕಚೇರಿಯೊಂದರಲ್ಲಿ ಅರ್ಧ ದಿನದ ಟ್ರೈನಿ ಕೆಲಸ. ಎರಡೂ ನನಗಿಷ್ಟವೇ. ಓಟದಲ್ಲಿ ನನ್ನ ಹುಳುಕೆಂದರೆ ಸ್ಟಾರ್ಟು.

"ಪಿಸ್ತೂಲ್ ಸದ್ದಾದ್ಮೇಲೆ ಆಕಳಿಸ್ಕಂಡು ಏಳ್ತೀಯಲ್ಲವ್ವ!" ಎಂದು ಕೋಚ್ ದಿನಾ ಉಗಿಯುತ್ತಿದ್ದರು.

ಒಂದು ಮಧ್ಯಾಹ್ನ ಕಚೇರಿಯೆದುರು ಕಬ್ಬಿನ ಲಾರಿಯ ಟೈರು ಢಮಾರೆಂದು ಸಿಡಿಯಿತು. ಉಳಿದವರು ಬೆಚ್ಚಿ ಕೂತಲ್ಲೇ ಕೂತರು. ನಾನು ಕುರ್ಚಿ ಕೆಡವಿ, ಮೇಜುಗಳನ್ನು ದಾಟಿ, ಆಗಲೇ ಬಾಗಿಲ ಹೊರಗಿದ್ದೆ.

ಹೆಡ್ ಕ್ಲರ್ಕ್ ಕನ್ನಡಕ ಏರಿಸಿದರು. "ಎಲ್ಲಿಗವ್ವ ಓಯ್ತಿದ್ದೀಯ? ಟೈರು ಕಣಮ್ಮ, ಬಾ ಕೂತ್ಕೊ."

ನಾಚಿಕೆಗಿಂತ ಖುಷಿಯೇ ಹೆಚ್ಚಾಯಿತು. ಹುಟ್ಟಿದಾಗಿನಿಂದ ಅಂಥ ಸ್ಟಾರ್ಟು ತೆಗೆದಿರಲಿಲ್ಲ. ಅದನ್ನು ನೋಡಬೇಕಾದ ಕೋಚ್ ಪುಣ್ಯಾತ್ಮರು ಮಾತ್ರ ಮಂಡ್ಯದಲ್ಲಿ ಮುದ್ದೆ ಉಂಡು ಮಲಗಿದ್ದರು.