ಆಡಿನ ಕಿವಿ ತರುವ ಕೆಲಸ

ನಾನು ಮೆಟ್ರಿಕ್‌ವರೆಗೆ ಓದಿದವನು. ಶಹರದ ಔಷಧ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ನಿವೃತ್ತನಾದ ಮೇಲೂ ಒಂದು ಕೆಲಸ ನನ್ನ ಪಾಲಿಗೇ ಉಳಿಯಿತು: ಅಫಜಲಪುರದ ಮಾಂಸದಂಗಡಿಯಿಂದ ಆಡಿನ ಕಿವಿ ತಂದುಕೊಡುವುದು. ಮುಲಾಮಿನ ಮದ್ದು ಚರ್ಮ ದಾಟಿ ಎಷ್ಟು ಒಳಗೆ ಹೋಗುತ್ತದೆಂದು ತಿಳಿಯಲು ಕಿವಿಯ ತೊಗಲನ್ನು ಎರಡು ಗಾಜಿನ ಬಟ್ಟಲುಗಳ ನಡುವೆ ಬಿಗಿಯುತ್ತಾರೆ. ಮೇಲೆ ಮುಲಾಮು, ಕೆಳಗೆ ಉಪ್ಪುನೀರು. ತೊಗಲು ಕೆಟ್ಟಿದ್ದರೆ ಮದ್ದು ಸುಮ್ಮನೆ ಸೋರಿಹೋಗಿ ಪ್ರಯೋಗವೇ ಸುಳ್ಳಾಗುತ್ತದೆ. ಅದಕ್ಕೇ ಮೊದಲು ತಂತಿ ಇಟ್ಟು ಮೀಟರಿನಲ್ಲಿ ಪರೀಕ್ಷಿಸುವುದು. ಒಳ್ಳೆಯ ತೊಗಲು ಕರೆಂಟನ್ನು ತಡೆಯುತ್ತದೆ, ಅಂಕಿ ಏರುತ್ತದೆ. ಕೆಟ್ಟದ್ದಾದರೆ ಇಳಿಯುತ್ತದೆ.

ಹೋದ ಚಳಿಗಾಲದಲ್ಲಿ ಅಂಕಿ ಏರುವುದೇ ನಿಂತಿತು. ಮೊಣಕಾಲು ನೋವಿನ ಮುಲಾಮಿನ ಮೇಲೆ ಸಂಶೋಧನೆ ಮಾಡುತ್ತಿದ್ದವಳು ಕೊಳಕೂರದ ಹುಡುಗಿ, ಕಾಲೇಜಿನ ವಿದ್ಯಾರ್ಥಿನಿ. ತಂದ ತೊಗಲೆಲ್ಲ ಮೀಟರಿನ ಪರೀಕ್ಷೆಯಲ್ಲಿ ಸೋಲುತ್ತಿತ್ತು. ಬೆಳಕಿಗೆ ಹಿಡಿದರೆ ಒಂದು ತೂತೂ ಕಾಣದು. ಅವಳ ಗುರುಗಳು ನನ್ನೆದುರೇ ಬೈದರು.

"ನಿನ್ನ ಕೈಯಾಗ ಹದ ಇಲ್ಲವಾ. ಕೂದಲ ಕತ್ತರಿಸುವಾಗ ಗೀರತಿ. ಈ ವಾರನೂ ಹಿಂಗಾದ್ರ ತೊಗಲಿನ ಕೆಲಸ ಬಿಟ್ಟು ಪ್ಲಾಸ್ಟಿಕ್ ಹಾಳಿ ಮ್ಯಾಲ ಮುಗಿಸು."

"ಕೂದಲ ಇರಂಗೇ ಇಲ್ರಿ ಸರ್, ಸಾಫ್ ಬರ್ತಾವ," ಎಂದಳು. ಅವರು ಆಗಲೇ ಹೊರಟಿದ್ದರು.

ಅವಳು ನನ್ನತ್ತ ತಿರುಗಿದಳು. "ಕಾಕಾರ, ಕಿವಿ ಕೊಯ್ಯುವಾಗ ನೀವು ನೋಡ್ತೀರಲ್ರಿ? ಬಿಸಿನೀರಾಗ ಅದ್ದಂಗಿಲ್ಲಲ್ರಿ? ಅದ್ದಿದ್ರ ತೊಗಲ ಕೆಡ್ತೈತಿ."

"ಛೇ, ಇಲ್ಲವ್ವಾ. ಮುಂದ ನಿಂತೇ ತರ್ತೇನಿ."

ಅದು ಸುಳ್ಳು. ನಮ್ಮದು ಮಾಂಸ ಮುಟ್ಟದ ಮನೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಮೊಮ್ಮಕ್ಕಳಿಗೆ ಹೇಳುವ ನಾನು ಆ ಅಂಗಡಿಯ ಮೆಟ್ಟಿಲೂ ಹತ್ತಿದವನಲ್ಲ. ರಸ್ತೆಯಾಚೆಯ ಚಹಾದಂಗಡಿಯಲ್ಲಿ ಮುಖ ತಿರುಗಿಸಿ ಕೂತಿರುತ್ತಿದ್ದೆ. ಕಿವಿ ತುಂಬಿದ ಡಬ್ಬಿ ಅಲ್ಲಿಗೇ ಬರುತ್ತಿತ್ತು.

ಮರುದಿನ ರಸ್ತೆ ದಾಟಿ ಮಾಂಸದಂಗಡಿಯೊಳಗೆ ಹೋದೆ.

"ಅರೇ ಅಜ್ಜಾರ, ಇವತ್ತ ಸೂರ್ಯ ಎತ್ತಾಗ ಹುಟ್ಯಾನ? ದುಕಾನಿಗೇ ಬಂದ್ರಲ್ಲ!" ಎಂದು ಅಂಗಡಿಯವನು ನಕ್ಕ. ಪಕ್ಕದ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಒಂದು ಕಿವಿಯನ್ನು ಅದರಲ್ಲಿ ಅದ್ದಿ ತೆಗೆದು ಅಂಗೈಯಿಂದ ಉಜ್ಜಿದ. ಕೂದಲೆಲ್ಲ ಕಿತ್ತುಬಂತು.

"ಇದ್ಯಾಕ ಮಾಡ್ತೀಯೋ?"

"ನಿಮ್ಮ ಸಲುವಾಗೇರಿ. ಅವತ್ತ ಡಬ್ಬಿ ತೆಗದು ರಕ್ತ ನೋಡಿ ವಾಕರಿಸಿದ್ರಲ್ಲ, ಪಾಪ ಅಂತ ಸಾಫ್ ಮಾಡಿ ಕೊಡಾಕತ್ತೇನಿ. ಯಾಕ, ರುಚಿ ಕೆಟ್ಟೈತೇನ್ರಿ?"

ಅಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ಹಸಿ ಕಿವಿಗಳನ್ನು ನಾನೇ ಆರಿಸಿ, ನೀರು ಮುಟ್ಟಿಸದೆ ಐಸ್ ತುಂಬಿದ ಡಬ್ಬಿಗೆ ಹಾಕಿಸಿದೆ. ಬಸ್ಸಿನಲ್ಲಿ ಡಬ್ಬಿಯನ್ನು ಮೊಣಕಾಲ ನಡುವೆ ಹಿಡಿದು ಕೂತೆ. ಅಂಕಿ ಏರದಿದ್ದರೆ ಹುಡುಗಿಯ ಇಷ್ಟು ದಿನದ ಕೆಲಸ ಹಾಳಾಗುತ್ತದೆ. ಏರಿದರೆ ನನ್ನ ಸುಳ್ಳು ಹೊರಬೀಳಬಹುದು.

ಅವಳು ಕೂದಲು ಕತ್ತರಿಸಿ, ತೊಗಲು ಬಿಡಿಸಿ, ಬಟ್ಟಲಿಗೆ ಬಿಗಿದು ತಂತಿ ಇಟ್ಟಳು. ಅಂಕಿ ಏರಿತು, ಏರಿ ನಿಂತಿತು. ಇನ್ನೊಂದು ಚೂರು ಬಿಗಿದಳು, ಅದೂ ನಿಂತಿತು.

"ಕಾಕಾರ, ನನ್ನ ಕೈ ಹದಕ್ಕ ಬಂತ್ರಿ!"

ಈ ಸಲ ಕಿವಿಯ ಮೇಲೆ ಕೂದಲಿದ್ದರೂ, ನನ್ನ ಮಾತು ನಂಬಿದ್ದ ಅವಳಿಗೆ ಅನುಮಾನ ಬಂದಿರಲಿಲ್ಲ; ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಕ್ಷಣ ಸುಮ್ಮನಿರಬೇಕೆಂದೇ ನನಗೆ ಅನಿಸಿತು ಎಂಬುದನ್ನೂ ಹೇಳಿಬಿಡುತ್ತೇನೆ. ಆದರೆ ಅವಳ ಮುಖ ನೋಡಲಾಗಲಿಲ್ಲ.

"ನಿನ್ನ ಕೈ ಮೊದಲಿಂದಾನೂ ಚಲೋ ಇತ್ತವ್ವಾ," ಎಂದು ಎಲ್ಲ ಹೇಳಿದೆ.

ಅವಳು ಕೈಗವಸು ಕಳಚಿ ಮೇಜಿನ ಮೇಲಿಟ್ಟಳು. "ಮುಂದ ನಿಂತೇ ತರ್ತೇನಿ ಅಂದಿದ್ರಲ್ರಿ."

ನಾನು ಡಬ್ಬಿಯ ಮುಚ್ಚಳ ಹಾಕಿದೆ.

"ಸರ್ ಮುಂದ ಇದನ್ನ ನೀವ ಹೇಳ್ರಿ."

ಹೇಳಿದೆ. ಗುರುಗಳು ತಲೆ ತಗ್ಗಿಸಿ ಕೂತರು. ಪ್ಲಾಸ್ಟಿಕ್ ಹಾಳಿಯ ಮಾತು ಬಿಟ್ಟು ಅವಳಿಗೆ ಇನ್ನಷ್ಟು ಸಮಯ ಕೊಟ್ಟರು.

ಈಗ ಕಿವಿ ತರಲು ಅವಳೂ ಬರುತ್ತಾಳೆ. ದಾರಿಯಲ್ಲಿ ನಮ್ಮೂರು ಚೌಡಾಪುರದಲ್ಲಿ ನಾನು ಬಸ್ಸು ಹತ್ತುವಾಗ ಸರಿದು ಜಾಗ ಕೊಡುತ್ತಾಳೆ, "ಆರಾಮ ಇದ್ದೀರೇನ್ರಿ ಕಾಕಾರ" ಎನ್ನುತ್ತಾಳೆ. ಡಬ್ಬಿ ಮಾತ್ರ ಅವಳ ತೊಡೆಯ ಮೇಲೇ ಇರುತ್ತದೆ. ಹಿಡಿಯಲು ಒಮ್ಮೆ ಕೈ ಚಾಚಿದ್ದೆ. "ಇರಲಿ ಬಿಡ್ರಿ," ಎಂದಳು.